ಈಜುಕೊಳದ ಉಸುಕಿನ ಫಿಲ್ಟರ್ ಕೆಟ್ಟಾಗ: ಅಪಾಯವಿಲ್ಲದೆ ಬಿಚ್ಚಿ, ಸರಿಪಡಿಸಿ, ಮತ್ತೆ ಚಾಲೂ ಮಾಡುವ ಸಮಗ್ರ ಮಾರ್ಗದರ್ಶಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದ ಹೋಟೆಲ್, ಕ್ಲಬ್, ಶಾಲೆ, ತೋಟದ ಮನೆಗಳ ಈಜುಕೊಳಗಳಲ್ಲಿ ಹೆಚ್ಚಾಗಿ ಕಾಣುವುದು ಉಸುಕಿನ ಫಿಲ್ಟರ್. ಒಂದು ಫೈಬರ್ ಟ್ಯಾಂಕ್, ಅದರ ನೆತ್ತಿಯ ಮೇಲೆ ಅಥವಾ ಮಗ್ಗುಲಿಗೆ ಆರು ದಾರಿಯ ಮಲ್ಟಿಪೋರ್ಟ್ ವಾಲ್ವ್, ಒಳಗೆ ನಟ್ಟನಡುವೆ ನಿಂತ ಪೈಪು, ಪೈಪಿನ ಬುಡದಲ್ಲಿ ಸುತ್ತಲೂ ಚಾಚಿದ ಸಣ್ಣ ಸೀಳುಗಳ ಕೊಳವೆಗಳು. ಈ ಕೊಳವೆಗಳಿಗೆ ಲ್ಯಾಟರಲ್ ಎನ್ನುತ್ತಾರೆ. ಅವುಗಳ ಮೇಲೆ ಉಸುಕು. ಪಂಪ್ ದೂಡಿದ ನೀರು ಉಸುಕಿನೊಳಗೆ ಇಳಿದು, ಲ್ಯಾಟರಲ್ ಸೇರಿ, ನಡುವಿನ ಪೈಪಿನಿಂದ ಮೇಲೆ ಬಂದು ಕೊಳಕ್ಕೆ ಹೋಗುತ್ತದೆ. ಮಲ್ಟಿಪೋರ್ಟ್ ಮಗ್ಗುಲಿಗಿದ್ದರೆ ಒಳಗಿನ ಪೈಪುಗಳ ಜೋಡಣೆ ಬೇರೆ ಇರುತ್ತದೆ, ಕೆಲಸದ ತತ್ವ ಒಂದೇ.

ಯಂತ್ರ ಸರಳ, ರಿಪೇರಿಯೂ ಬಹಳ ಕಷ್ಟದ್ದಲ್ಲ. ಆದರೆ ಇದು ಮಾಳಿಗೆ ಮೇಲೆ ಇಡುವ ನೀರಿನ ಟ್ಯಾಂಕ್ ಅಲ್ಲ, ಒತ್ತಡ ತುಂಬಿದ ಪಾತ್ರೆ. ಹಾಳಾದ ಫಿಲ್ಟರ್ ಮುಂದೆ ನಿಂತಾಗ ಮೊದಲ ಕೆಲಸ ರಿಪೇರಿಯಲ್ಲ. ಕರೆಂಟು ತೆಗೆಯುವುದು, ಒತ್ತಡ ಇಳಿಸುವುದು. ಪಾನಾ ಕೈಗೆ ಬರಬೇಕಾದದ್ದು ಆಮೇಲೆ.

ಒತ್ತಡದ ಲೆಕ್ಕ

ಗೇಜಿನ ಮುಳ್ಳು 20 ಪಿಎಸ್‌ಐ ತೋರಿಸುತ್ತಿದೆ ಎಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 1.4 ಕಿಲೋ ಒತ್ತಡ. ಕೇಳಲಿಕ್ಕೆ ಸಣ್ಣ ಸಂಖ್ಯೆ. ಆದರೆ 60 ಸೆಂಟಿಮೀಟರ್ ಅಗಲದ ಟ್ಯಾಂಕ್ ನಡುವಿಗೆ ಎರಡು ಹೋಳಾಗಿದ್ದು, ಕ್ಲ್ಯಾಂಪ್‌ನಿಂದ ಬಿಗಿದ ಮಾದರಿಯಾದರೆ ಮೇಲಿನ ಹೋಳಿನ ವಿಸ್ತೀರ್ಣ 2,800 ಚದರ ಸೆಂಟಿಮೀಟರಿಗೂ ಹೆಚ್ಚು. ಅಂದರೆ ಆ ಹೋಳನ್ನು ಮೇಲಕ್ಕೆ ದೂಡುವ ಬಲ ಸುಮಾರು 4 ಟನ್, 50 ಕಿಲೋದ 80 ಸಿಮೆಂಟ್ ಚೀಲಗಳಷ್ಟು. ವಾಲ್ವ್ ಕೂರುವ 16 ಸೆಂಟಿಮೀಟರಿನ ಸಣ್ಣ ಬಾಯಿಯ ಮೇಲೂ 280 ಕಿಲೋದಷ್ಟು ಬಲ ಬೀಳುತ್ತದೆ. ಇದನ್ನೆಲ್ಲ ಹಿಡಿದಿಟ್ಟಿರುವುದು ಒಂದು ಸ್ಟೀಲ್ ಪಟ್ಟಿ ಮತ್ತು ಒಂದೆರಡು ಬೋಲ್ಟ್.

ಟ್ಯಾಂಕಿನಲ್ಲಿ ಬರೀ ನೀರಿದ್ದರೆ ಸಡಿಲಾದ ಕೂಡಲೇ ಒತ್ತಡ ಥಟ್ಟನೆ ಇಳಿದುಹೋಗುತ್ತದೆ, ಏಕೆಂದರೆ ನೀರು ಕುಗ್ಗುವುದಿಲ್ಲ. ಗಾಳಿ ಹಾಗಲ್ಲ. ಅದು ಕುಗ್ಗಿ ಕೂರುತ್ತದೆ, ದಾರಿ ಸಿಕ್ಕೊಡನೆ ಹಿಗ್ಗುತ್ತದೆ, ಮುಚ್ಚಳವನ್ನು ಹೊತ್ತೊಯ್ಯುತ್ತದೆ. ಪಂಪಿನ ಬುಟ್ಟಿ ತೊಳೆಯಲು ಮುಚ್ಚಳ ತೆಗೆದಾಗ, ಕೊಳದ ನೀರು ಸ್ಕಿಮ್ಮರ್ (ಕೊಳದ ಅಂಚಿನಲ್ಲಿ ಮೇಲ್ನೀರನ್ನು ಹೀರುವ ಡಬ್ಬಿ) ಬಾಯಿಗಿಂತ ಕೆಳಗಿಳಿದಾಗ, ಹೀರುವ ಪೈಪಿನ ಜೋಡಣೆ ಸಡಿಲಾದಾಗ ಗಾಳಿ ಒಳಗೆ ಸೇರುತ್ತದೆ. ಫಿಲ್ಟರ್ ಸಿಡಿದು ಆಗುವ ದೊಡ್ಡ ಗಾಯಗಳು ಹೆಚ್ಚಾಗಿ ಮೋಟರ್ ಚಾಲೂ ಮಾಡಿದ ಮೊದಲ ಕೆಲವು ಸೆಕೆಂಡುಗಳವು: ಒಳಗೆ ಗಾಳಿ, ಸರಿಯಾಗಿ ಕೂರದ ಕ್ಲ್ಯಾಂಪ್, ಅದರ ಮೇಲೆ ಬಾಗಿ ನಿಂತ ಮನುಷ್ಯ.

ಇದೇ ಕಾರಣಕ್ಕೆ ಸೋರಿಕೆ ಹುಡುಕಲು ಪಂಕ್ಚರ್ ಅಂಗಡಿಯ ಕಂಪ್ರೆಸರ್ ತಂದು ಟ್ಯಾಂಕಿಗೆ ಗಾಳಿ ತುಂಬುವುದು ಎಂದಿಗೂ ಬೇಡ. ಬೋರಿನ ಸಬ್‌ಮರ್ಸಿಬಲ್ ಪೈಪನ್ನು ನೇರವಾಗಿ ಫಿಲ್ಟರಿಗೆ ಜೋಡಿಸಿ ಕೊಳ ತುಂಬಿಸುವುದೂ ಅಷ್ಟೇ ಅಪಾಯದ್ದು. ಆಳದ ಬೋರಿಗೆ ಇಳಿಸುವ ಹಲವು ಹಂತದ ಮೋಟರ್, ಮುಂದಿನ ವಾಲ್ವ್ ಮುಚ್ಚಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ 10 ಕಿಲೋಗೂ ಮೀರಿ ಒತ್ತಡ ಕಟ್ಟಬಲ್ಲದು. ಫಿಲ್ಟರ್ ಟ್ಯಾಂಕಿನ ತಾಳಿಕೆ ಸಾಮಾನ್ಯವಾಗಿ 2.5ರಿಂದ 3.5 ಕಿಲೋ. ತೋಟದ ಮನೆಗಳಲ್ಲಿ ಈ ಜೋಡಣೆ ಕಂಡರೆ ಅವತ್ತೇ ಕಿತ್ತು, ಬೋರಿನ ನೀರು ಕೊಳಕ್ಕೆ ಮೇಲಿನಿಂದ ಬೀಳುವಂತೆ ಮಾಡಿ.

ಏನು ಕೆಟ್ಟಿದೆ ಎಂದು ಹೊರಗಿನಿಂದಲೇ ತಿಳಿಯುವುದು

ಬಿಚ್ಚುವ ಮೊದಲು ರೋಗ ಯಾವುದೆಂದು ಗೊತ್ತಿರಬೇಕು. ಕೊಳದ ತಳದಲ್ಲಿ, ನೀರು ಮರಳಿ ಬರುವ ಬಾಯಿಯ ಕೆಳಗೆ ಕಣಗಳು ಗುಡ್ಡೆ ಬಿದ್ದಿದ್ದರೆ ಆ ಬಾಯಿಗೆ ಹಳೆಯ ನೈಲಾನ್ ಕಾಲುಚೀಲ ಕಟ್ಟಿ ಹತ್ತು ನಿಮಿಷ ಪಂಪ್ ಓಡಿಸಿ. ಸಿಕ್ಕಿದ್ದನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿ. ಗರಗರ ಎಂದು ಗಟ್ಟಿ ಕಾಳು ಸಿಕ್ಕರೆ ಫಿಲ್ಟರಿನ ಉಸುಕು: ಲ್ಯಾಟರಲ್ ಮುರಿದಿದೆ, ಇಲ್ಲವೇ ನಡುವಿನ ಪೈಪು ಬಿರುಕು ಬಿಟ್ಟಿದೆ. ನುಣ್ಣಗೆ ಕರಗಿ ಬೆರಳಿಗೆ ಕಪ್ಪು ಹತ್ತಿದರೆ ಅದು ಗಾಳಿಯಲ್ಲಿ ಬಂದ ಎರೆಮಣ್ಣಿನ ಧೂಳು. ಫಿಲ್ಟರ್ ಮುರಿದಿಲ್ಲ, ಉಸುಕಿನಲ್ಲಿ ನೀರು ಅಡ್ಡದಾರಿ ಮಾಡಿಕೊಂಡಿರಬಹುದು. ಬಿಳಿ ಚಕ್ಕೆ ಸಿಕ್ಕು, ನಿಂಬೆರಸ ಹಿಂಡಿದಾಗ ಸಣ್ಣಗೆ ಗುಳ್ಳೆ ಎದ್ದರೆ ಸುಣ್ಣ. ಬೋರಿನ ಗಡಸು ನೀರು ತುಂಬಿಸುವ ಕಡೆ ಈ ಮೂರನೆಯದು ಆಗಾಗ ಕಾಣುತ್ತದೆ, ಅದನ್ನು ಉಸುಕೆಂದು ತಿಳಿದು ಸುಮ್ಮನೆ ಇಡೀ ಟ್ಯಾಂಕ್ ಬಿಚ್ಚುವವರೂ ಇದ್ದಾರೆ. ಬ್ಯಾಕ್‌ವಾಶ್ (ನೀರನ್ನು ಉಲ್ಟಾ ಹರಿಸಿ ಉಸುಕು ತೊಳೆಯುವುದು) ಆದ ಕೂಡಲೇ ಮಾತ್ರ ಒಂದಿಷ್ಟು ಕಣ ಬಂದು ನಿಂತುಹೋದರೆ, ರಿನ್ಸ್ (ಉಳಿದ ಕೊಳೆಯನ್ನು ಚರಂಡಿಗೆ ಬಿಡುವುದು) ಮಾಡದೆ ನೇರ ಫಿಲ್ಟರ್ ಸ್ಥಾನಕ್ಕೆ ತಿರುಗಿಸಿದ್ದಾರೆ ಎಂದರ್ಥ.

ಫಿಲ್ಟರ್ ಸ್ಥಾನದಲ್ಲಿದ್ದಾಗಲೂ ಮಲ್ಟಿಪೋರ್ಟಿನ ಗಾಜಿನ ಬುರುಡೆಯಲ್ಲಿ ನೀರು ಹರಿಯುವುದು ಕಂಡರೆ, ಹೊರಚರಂಡಿಯ ಪೈಪು ಸದಾ ತೇವವಿದ್ದರೆ, ಕೊಳದ ಮಟ್ಟ ಕಾರಣವಿಲ್ಲದೆ ಇಳಿಯುತ್ತಿದ್ದರೆ ವಾಲ್ವಿನೊಳಗಿನ ನಕ್ಷತ್ರಾಕಾರದ ರಬ್ಬರ್, ಅಂದರೆ ಸ್ಪೈಡರ್ ಗ್ಯಾಸ್ಕೆಟ್, ಹರಿದಿದೆ. ಬ್ಯಾಕ್‌ವಾಶ್ ಆದ ಮೇಲೂ ಒತ್ತಡ ಇಳಿಯದಿದ್ದರೆ ಉಸುಕು ಸುಣ್ಣಗಟ್ಟಿ ಹೆಂಟೆಯಾಗಿರಬಹುದು. ಒತ್ತಡ ಎಂದಿಗಿಂತ ಕಡಿಮೆ ಇದ್ದರೆ ಫಿಲ್ಟರನ್ನು ಬೈಯುವ ಮುಂಚೆ ಪಂಪಿನ ಬುಟ್ಟಿ ನೋಡಿ.

ಕೊನೆಗೆ ಟಾರ್ಚ್ ಹಿಡಿದು ಟ್ಯಾಂಕಿನ ಸುತ್ತ ನೋಡಿ, ಆದರೆ ಪಂಪ್ ಬಂದ್ ಇದ್ದಾಗ ಮಾತ್ರ. ಜೋಡಣೆಯಲ್ಲಿ ಹನಿಯುವುದು ಬೇರೆ, ಟ್ಯಾಂಕಿನ ಮೈಯಿಂದಲೇ ಬೆವರಿದ ಹಾಗೆ ನೀರು ಒಸರುವುದು ಬೇರೆ. ಎರಡನೆಯದು ಕಂಡರೆ ಆ ಟ್ಯಾಂಕಿನ ಆಯುಸ್ಸು ಮುಗಿಯಿತು.

ಕರೆಂಟು ತೆಗೆಯುವುದು

ನಮ್ಮ ಭಾಗದಲ್ಲಿ ಈ ಹಂತಕ್ಕೆ ಬೇರೆಡೆಗಿಂತ ಹೆಚ್ಚು ಎಚ್ಚರ ಬೇಕು. ಕಾರಣ ಆಟೋ ಸ್ಟಾರ್ಟರ್. ಹೊಲದ ಪಂಪ್‌ಸೆಟ್ಟಿಗೆ ಕೂರಿಸುವ ಅದೇ ಡಬ್ಬಿಯನ್ನು ಈಜುಕೊಳದ ಮೋಟರಿಗೂ ಕೂರಿಸಿರುತ್ತಾರೆ. ಹೆಸ್ಕಾಂ ಲೈನ್ ಹೋಗಿದೆ ಎಂದು ಟ್ಯಾಂಕ್ ಬಿಚ್ಚಲು ಕುಳಿತರೆ, ಲೈನ್ ಬಂದ ಮರುಗಳಿಗೆ ಯಾರ ಅಪ್ಪಣೆಯೂ ಇಲ್ಲದೆ ಮೋಟರ್ ಚಾಲೂ ಆಗುತ್ತದೆ. ಟೈಮರ್ ಇದ್ದರೂ ಹಾಗೆಯೇ, ಮೊಬೈಲಿನಿಂದ ಚಾಲೂ ಮಾಡುವ ಸ್ಟಾರ್ಟರ್ ಇದ್ದರಂತೂ ಮನೆಯೊಳಗೆ ಕುಳಿತ ಇನ್ನೊಬ್ಬರು ಗುಂಡಿ ಒತ್ತಬಹುದು. ಸ್ಟಾರ್ಟರಿನ ಕೆಂಪು ಗುಂಡಿ ಒತ್ತುವುದು ಸಾಲದು.

ಮೊದಲು ಸ್ಟಾರ್ಟರ್ ಬಂದ್ ಮಾಡಿ, ಆಟೋ ಸ್ವಿಚ್ಚನ್ನು ಮ್ಯಾನ್ಯುವಲ್‌ಗೆ ತನ್ನಿ. ನಂತರ ಆ ಮೋಟರಿನ ಮೇನ್ ಸ್ವಿಚ್ ಅಥವಾ ಎಂಸಿಬಿ ಇಳಿಸಿ. ಹಳೆಯ ಕಟೌಟ್ ಇದ್ದರೆ ಮೂರೂ ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಿ, ಬೋರ್ಡಿನ ಮೇಲೆ ಬಿಡಬೇಡಿ. ಬೋರ್ಡಿಗೆ ಬೀಗ ಹಾಕಿ, ಕೀಲಿ ಕೆಲಸ ಮಾಡುವವರ ಹತ್ತಿರವೇ ಇರಲಿ, ‘ಕೆಲಸ ನಡೆದಿದೆ, ಚಾಲೂ ಮಾಡಬೇಡಿ’ ಎಂದು ಬರೆದ ರಟ್ಟು ತೂಗುಹಾಕಿ. ಆಮೇಲೆ ಒಮ್ಮೆ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿ ನೋಡಿ. ಮೋಟರ್ ಮಿಸುಕದಿದ್ದರೆ ಸರಿಯಾದ ಸ್ವಿಚ್ಚನ್ನೇ ಇಳಿಸಿದ್ದೀರಿ. ಜನರೇಟರ್ ಇರುವ ಹೋಟೆಲುಗಳಲ್ಲಿ ಆ ದಾರಿಯಿಂದಲೂ ಕರೆಂಟು ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಫಿಲ್ಟರ್ ಸೋರಿ ಪಂಪ್‌ರೂಮಿನ ನೆಲದಲ್ಲಿ ನೀರು ನಿಂತಿದ್ದರೆ ಆ ನೀರಿಗೆ ಕಾಲಿಡಬೇಡಿ. ಕರೆಂಟನ್ನು ಹೊರಗಿನ ಮೇನಿನಿಂದಲೇ ತೆಗೆಯಿಸಿ. ಮೋಟರಿನ ಮೈ ಮುಟ್ಟಿದಾಗ ಯಾವತ್ತಾದರೂ ‘ಜುಮ್’ ಎಂದಿದ್ದರೆ ಅರ್ಥಿಂಗ್ ಕೆಟ್ಟಿದೆ. ಅದು ವೈರ್‌ಮನ್ ಕೆಲಸ, ಅದು ಮುಗಿಯುವವರೆಗೆ ಕೊಳಕ್ಕೆ ಯಾರನ್ನೂ ಇಳಿಸಬೇಡಿ.

ಒತ್ತಡ ಇಳಿಸುವುದು

ಪಂಪ್‌ರೂಮಿನ ಬಾಗಿಲು ಪೂರ್ತಿ ತೆರೆದಿಟ್ಟು ಹತ್ತು ನಿಮಿಷ ಗಾಳಿಯಾಡಲು ಬಿಡಿ. ನೆಲದಡಿಯ ರೂಮಾದರೆ ಇನ್ನೂ ಹೆಚ್ಚು ಹೊತ್ತು. ಕ್ಲೋರಿನ್ ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂರುತ್ತದೆ. ಒಳಗೆ ಕಣ್ಣು, ಗಂಟಲು ಉರಿಯುವಂತಿದ್ದರೆ ಇಳಿಯಲೇಬೇಡಿ. ಇಳಿದಾಗ ಮೇಲೆ ಇನ್ನೊಬ್ಬರು ನಿಂತಿರಲಿ.

ಈಗ ಟ್ಯಾಂಕಿನ ಅಥವಾ ವಾಲ್ವಿನ ನೆತ್ತಿಯಲ್ಲಿರುವ ಗಾಳಿ ಬಿಡುವ ತಿರುಪನ್ನು ನಿಧಾನವಾಗಿ ತಿರುಗಿಸಿ. ಮುಖ ಟ್ಯಾಂಕಿನ ಮೇಲೆ ಬಾರದಂತೆ ಮಗ್ಗುಲಿಗೆ ನಿಂತಿರಿ. ಸುಯ್ ಎಂದು ಗಾಳಿ, ಆಮೇಲೆ ನೀರು ಬಂದು ನಿಲ್ಲುತ್ತದೆ. ಗೇಜಿನ ಮುಳ್ಳು ಸೊನ್ನೆಗೆ ಬಂತೆಂದು ನಂಬಿ ಮುಂದೆ ಹೋಗಬೇಡಿ. ಈ ಗೇಜುಗಳು ಸುಣ್ಣ ಕಟ್ಟಿ, ತುಕ್ಕು ಹಿಡಿದು ಅಂಟಿಕೊಂಡಿರುತ್ತವೆ, ಕೆಲವು ಸದಾ ಸೊನ್ನೆಯನ್ನೇ ತೋರಿಸುತ್ತವೆ. ಬೆರಳಿನಿಂದ ಗಾಜನ್ನು ಮೆಲ್ಲಗೆ ತಟ್ಟಿ, ತಿರುಪಿನ ಬಾಯಿಯಿಂದ ಗಾಳಿ, ನೀರು ಎರಡೂ ಬರುತ್ತಿಲ್ಲ ಎಂದು ಕಣ್ಣಾರೆ ನೋಡಿ, ತಿರುಪನ್ನು ತೆರೆದೇ ಬಿಡಿ. ಕೆಲಸ ಮುಗಿಯುವವರೆಗೂ ಅದು ತೆರೆದೇ ಇರಬೇಕು.

ಪಂಪ್‌ರೂಮ್ ಕೊಳದ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಪಂಪ್ ಬಂದ್ ಆದರೂ ಕೊಳದ ನೀರೇ ತನ್ನ ಭಾರದಿಂದ ನುಗ್ಗುತ್ತಿರುತ್ತದೆ. ಹೀರುವ ಲೈನ್, ಮರಳಿಸುವ ಲೈನ್ ಎರಡರ ವಾಲ್ವನ್ನೂ ಮುಚ್ಚಿ. ಮುಚ್ಚಿದ ಮೇಲೂ ಗಾಳಿ ತಿರುಪಿನಿಂದ ನೀರು ನಿಲ್ಲದೆ ಬರುತ್ತಿದ್ದರೆ ಯಾವುದೋ ವಾಲ್ವ್ ಹಿಡಿಯುತ್ತಿಲ್ಲ. ಹಾಗೇ ಬಿಚ್ಚಿದರೆ ಕೊಳವೆಲ್ಲ ಪಂಪ್‌ರೂಮಿಗೆ ಇಳಿಯುತ್ತದೆ. ಕೊಳದೊಳಗಿನ ಬಾಯಿಗಳಿಗೆ ರಬ್ಬರ್ ಬಿರಡೆ ಹಾಕಿ ಮುಂದುವರಿಯಿರಿ.

ನಂತರ ಟ್ಯಾಂಕಿನ ಬುಡದ ಡ್ರೇನ್ ಬಿರಡೆ ತೆಗೆದು ನೀರು ಖಾಲಿ ಮಾಡಿ. ನೀರಿನ ಜೊತೆ ಉಸುಕೂ ಧಾರೆಯಾಗಿ ಬಂದರೆ ಒಳಗಿನ ಡ್ರೇನ್ ಜಾಲರಿಯೂ ಹೋಗಿದೆ ಎಂದು ಬರೆದಿಟ್ಟುಕೊಳ್ಳಿ, ಬಿಡಿಭಾಗ ತರಿಸುವಾಗ ಒಟ್ಟಿಗೇ ತರಿಸಬಹುದು.

ಟ್ಯಾಂಕೇ ಸೀಳಿದ್ದರೆ

ಬದಲಿಸುವುದೊಂದೇ ದಾರಿ. ಎಂ-ಸೀಲ್, ಫೈಬರ್ ಬಟ್ಟೆ, ರಾಳ, ಹೊರಗಿನಿಂದ ಕಬ್ಬಿಣದ ಪಟ್ಟಿ ಯಾವುದೂ ನಡೆಯುವುದಿಲ್ಲ. ಫೈಬರ್ ಟ್ಯಾಂಕಿನ ಬಲ ಇರುವುದು ಸುತ್ತಿದ ಎಳೆಗಳಲ್ಲಿ. ಹೊರಗೆ ಕೂದಲೆಳೆಯಷ್ಟು ಬಿರುಕು ಕಂಡಾಗ ಒಳಗೆ ಎಳೆಗಳು ಕಡಿದಿರುತ್ತವೆ, ತೇಪೆ ಸೋರಿಕೆಯನ್ನು ಮುಚ್ಚುತ್ತದೆಯೇ ಹೊರತು ಬಲವನ್ನು ಮರಳಿ ಕೊಡುವುದಿಲ್ಲ. ಸೋರಿಕೆ ನಿಂತಿದ್ದರಿಂದ ಜನ ನಂಬಿ ಹತ್ತಿರ ನಿಲ್ಲುತ್ತಾರೆ, ಅದು ಸೋರುವ ಟ್ಯಾಂಕಿಗಿಂತ ಹೆಚ್ಚು ಅಪಾಯ. ‘ಹೊಸದು ಬರುವ ತನಕ ಎರಡು ದಿನ ಓಡಲಿ’ ಎಂಬ ಮಾತಿಗೆ ಒಪ್ಪಬೇಡಿ.

ಕ್ಲ್ಯಾಂಪ್ ವಿಷಯದಲ್ಲೂ ಹೀಗೆಯೇ ಕಟ್ಟುನಿಟ್ಟು. ಬಿಚ್ಚಿ ಕೈಯಲ್ಲಿ ಹಿಡಿದು ಒಳಮಗ್ಗುಲನ್ನು ನೋಡಿ. ಹೊರಗೆ ಹೊಳೆಯುವ ಪಟ್ಟಿಯ ಒಳಗೆ ಕಂದು ಪುಡಿ, ಸೂಜಿ ಚುಚ್ಚಿದಂಥ ಗುಳಿಗಳು, ಬಾಗಿದ ಕಡೆ ಸಣ್ಣ ಬಿರುಕು ಇದ್ದರೆ ಅದು ಗುಜರಿಗೆ. ಸ್ಟೇನ್‌ಲೆಸ್ ಸ್ಟೀಲಾದರೂ ಆಸಿಡ್ ಡಬ್ಬಿ, ಕ್ಲೋರಿನ್ ಡಬ್ಬಿಗಳನ್ನು ಅದೇ ರೂಮಿನಲ್ಲಿಟ್ಟರೆ ಅವುಗಳ ಹೊಗೆ ಅದನ್ನು ತಿನ್ನುತ್ತದೆ. ಬೋಲ್ಟ್ ಕಳೆದರೆ ಗ್ಯಾರೇಜಿನ ಯಾವುದೋ ಬೋಲ್ಟ್ ಹಾಕದೆ ಅದೇ ಅಳತೆಯ, ಅದೇ ದರ್ಜೆಯ ಬೋಲ್ಟನ್ನೇ ಹಾಕಿ. ಅಳತೆ ತಿಳಿಯದಿದ್ದರೆ ತಯಾರಕರ ಕಿಟ್ ತರಿಸುವುದು ಮೇಲು.

ಮಲ್ಟಿಪೋರ್ಟ್ ವಾಲ್ವ್

ಈ ವಾಲ್ವ್ ಕೆಡಲು ಬಹುಮಟ್ಟಿಗೆ ಒಂದೇ ಕಾರಣ: ಪಂಪ್ ಓಡುತ್ತಿರುವಾಗಲೇ ಹಿಡಿಕೆ ತಿರುಗಿಸುವುದು. ನೀರಿನ ರಭಸಕ್ಕೆ ಗ್ಯಾಸ್ಕೆಟ್ಟಿನ ಕಡ್ಡಿಗಳು ತಾವು ಕೂರುವ ತೋಡಿನಿಂದ ಮೇಲೆದ್ದು ಹರಿಯುತ್ತವೆ. ಒಂದು ಸ್ಥಾನದಿಂದ ಇನ್ನೊಂದಕ್ಕೆ ಹೋಗುವ ನಡುವೆ ನೀರಿಗೆ ದಾರಿಯೇ ಇಲ್ಲದ ಕ್ಷಣವೂ ಬರುತ್ತದೆ, ಆಗ ಒತ್ತಡ ಥಟ್ಟನೆ ಏರುತ್ತದೆ.

ಬಿಚ್ಚುವ ಮೊದಲು ಮುಚ್ಚಳದಿಂದ ಬುಡದವರೆಗೆ ಮಾರ್ಕರಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ಮರಳಿ ಕೂರಿಸುವಾಗ ದಿಕ್ಕು ತಪ್ಪಿದರೆ ‘ಫಿಲ್ಟರ್’ ಎಂದು ಬರೆದ ಜಾಗದಲ್ಲಿ ಬ್ಯಾಕ್‌ವಾಶ್ ಆಗುತ್ತದೆ. ಮುಚ್ಚಳದ ಒಳಗೆ ಗಟ್ಟಿ ಸ್ಪ್ರಿಂಗ್ ಇದೆ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಸಡಿಲಿಸಿ, ಕೊನೆಯ ಎರಡನ್ನು ತೆಗೆಯುವಾಗ ಇನ್ನೊಂದು ಕೈಯಿಂದ ಮುಚ್ಚಳ ಒತ್ತಿ ಹಿಡಿಯಿರಿ. ಹಳೆಯ ಗ್ಯಾಸ್ಕೆಟ್ ಕಿತ್ತು, ತೋಡಿನಲ್ಲಿ ಉಳಿದ ಅಂಟನ್ನು ಪ್ಲಾಸ್ಟಿಕ್ ತುಂಡಿನಿಂದ ಕೆರೆದು ತೆಗೆಯಿರಿ. ಸ್ಕ್ರೂಡ್ರೈವರ್ ಬೇಡ, ಒಂದು ಗೀರು ಬಿದ್ದರೂ ಅಲ್ಲಿಂದ ಸೋರುತ್ತದೆ. ಹೊಸ ಗ್ಯಾಸ್ಕೆಟ್ಟನ್ನು ತಯಾರಕರು ಹೇಳಿದ ಅಂಟಿನಿಂದ ಕೂರಿಸಿ, ಪೂರ್ತಿ ಒಣಗಲು ಬಿಡಿ. ಓ ರಿಂಗುಗಳಿಗೆ ಸಿಲಿಕೋನ್ ಗ್ರೀಸ್ ಮಾತ್ರ ಹಚ್ಚಿ. ಬೇರಿಂಗ್ ಗ್ರೀಸ್, ವ್ಯಾಸಲೀನ್ ಹಚ್ಚಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಗೇಜ್ ಕೆಟ್ಟಿದ್ದರೆ ಇದೇ ಹೊತ್ತಿನಲ್ಲಿ ಬದಲಿಸಿ. 0ರಿಂದ 4 ಕಿಲೋ ಅಳತೆಯದು ಸಾಕು. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಮೂರ್ನಾಲ್ಕು ಸುತ್ತು, ಕೈಬಿಗಿ, ಆಮೇಲೆ ಪಾನಾದಿಂದ ಕಾಲು ಸುತ್ತು.

ಲ್ಯಾಟರಲ್ ಬದಲಿಸುವುದು

ಇದು ದೊಡ್ಡ ಕೆಲಸ, ಇಬ್ಬರು ಬೇಕು. 60 ಸೆಂಟಿಮೀಟರ್ ಟ್ಯಾಂಕಿನಲ್ಲಿ 125ರಿಂದ 150 ಕಿಲೋ ಉಸುಕು ಇರುತ್ತದೆ, ತೇವವಾದಾಗ ಇನ್ನೂ ಭಾರ. ಟ್ಯಾಂಕನ್ನು ವಾಲಿಸಿ ಸುರಿಯಲು ಹೋಗಬೇಡಿ. ಬೆನ್ನಿಗೂ ಪೆಟ್ಟು, ಪೈಪಿಗೂ ಪೆಟ್ಟು.

ಹಳೆಯ ಉಸುಕಿನಲ್ಲಿ ಕೂದಲು, ಎಣ್ಣೆ, ರೋಗಾಣು ಸೇರಿರುತ್ತವೆ, ರಬ್ಬರ್ ಕೈಗವಸು ಕಡ್ಡಾಯ. ಉಸುಕು ಒಣಗದಂತೆ ಆಗಾಗ ನೀರು ಚಿಮುಕಿಸಿ. ಸಿಲಿಕಾ ಉಸುಕಿನ ಧೂಳು ಪುಪ್ಪುಸಕ್ಕೆ ಹೊಕ್ಕರೆ ವಾಸಿಯಾಗದ ಸಿಲಿಕೋಸಿಸ್ ತರುವಂಥದ್ದು. ಮೂಗಿಗೆ ಟವೆಲ್ ಕಟ್ಟಿದರೆ ಸಾಲದು, ಎನ್95 ಮಾಸ್ಕ್ ಬೇಕು. ಹೊಸ ಚೀಲ ಸುರಿಯುವಾಗ ಇದು ಇನ್ನೂ ಮುಖ್ಯ.

ವಾಲ್ವ್ ತೆಗೆದ ಕೂಡಲೇ ನಡುವಿನ ಪೈಪಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಹಾಕಿ ಟೇಪಿನಿಂದ ಬಿಗಿಯಿರಿ. ಆ ಬಾಯಿಗೆ ಒಂದು ಹಿಡಿ ಉಸುಕು ಬಿದ್ದರೂ ನಾಳೆ ಅದೇ ಕೊಳಕ್ಕೆ ಬಂದು ‘ಲ್ಯಾಟರಲ್ ಮತ್ತೆ ಮುರಿಯಿತು’ ಎಂಬ ಸುಳ್ಳು ಗಾಬರಿ ಹುಟ್ಟಿಸುತ್ತದೆ. ಪ್ಲಾಸ್ಟಿಕ್ ಮಗ್ಗಿನಿಂದ ಉಸುಕು ತೋಡಿ. ಮೇಲಿನ ಮುಕ್ಕಾಲು ಭಾಗ ಬೇಗ ಬರುತ್ತದೆ. ಕೆಳಗಿನ ಒಂದು ಗೇಣು ಕೈಯಿಂದಲೇ, ಅಥವಾ ನೀರೆಳೆಯುವ ವ್ಯಾಕ್ಯೂಮಿನಿಂದ. ಹಾರೆ, ಸಲಿಕೆ ಒಳಗೆ ಇಳಿಸಿದರೆ ಉಳಿದ ಲ್ಯಾಟರಲ್‌ಗಳೂ ಮುರಿಯುತ್ತವೆ.

ಲ್ಯಾಟರಲ್‌ಗಳು ಕೆಲವು ಮಾದರಿಗಳಲ್ಲಿ ತಿರುಪು, ಕೆಲವಲ್ಲಿ ಒತ್ತಿ ಕೂರಿಸುವಂಥವು, ಕೆಲವಲ್ಲಿ ಕೊಡೆಯ ಕಡ್ಡಿಯಂತೆ ಮೇಲಕ್ಕೆ ಮಡಚುತ್ತವೆ. ಒಂದೊಂದನ್ನೂ ತೊಳೆದು ಬೆಳಕಿಗೆ ಹಿಡಿದು ನಿಧಾನವಾಗಿ ಬಾಗಿಸಿ ನೋಡಿ. ಮುರಿಯುವುದು ಹೆಚ್ಚಾಗಿ ಬುಡದಲ್ಲಿ, ನಡುವಿನ ಗಡ್ಡೆಗೆ ಸೇರುವ ಕುತ್ತಿಗೆಯಲ್ಲಿ; ಬಿರುಕು ನೇರಕ್ಕೆ ಕಾಣದೆ ಬಾಗಿಸಿದಾಗ ಮಾತ್ರ ಬಾಯಿ ಬಿಡುತ್ತದೆ. ಒಂದು ಮುರಿದು ಉಳಿದವು ಪೆಡಸಾಗಿ ಹಳದಿಗಟ್ಟಿದ್ದರೆ ಇಡೀ ಸೆಟ್ ಬದಲಿಸಿ. ಒಂದೇ ಕಡ್ಡಿಯ ದುಡ್ಡು ಉಳಿಸಲು ಹೋಗಿ ಮತ್ತೊಮ್ಮೆ ಒಂದೂವರೆ ಕ್ವಿಂಟಲ್ ಉಸುಕು ತೋಡುವುದು ಬೇಡ. ಟ್ಯಾಂಕಿನ ಫಲಕದ ಫೋಟೋ, ಮಾದರಿ ಸಂಖ್ಯೆ, ಲ್ಯಾಟರಲ್ ಉದ್ದ ಮೂರನ್ನೂ ಕಳಿಸಿಯೇ ಬಿಡಿಭಾಗ ತರಿಸಿ.

ಹೊಸ ಸೆಟ್ ಕೂರಿಸಿ, ಪೈಪು ನೆಟ್ಟಗೆ ನಡುವೆಯೇ ನಿಂತಿದೆಯೇ ಅಳೆದು ನೋಡಿ. ಈಗ ಟ್ಯಾಂಕಿಗೆ ಅರ್ಧದಷ್ಟು ನೀರು ತುಂಬಿ. ಇದನ್ನು ಬಿಟ್ಟರೆ ಮೇಲಿನಿಂದ ಬೀಳುವ ಉಸುಕಿನ ಏಟಿಗೆ ಹೊಸ ಲ್ಯಾಟರಲ್ ಅವತ್ತೇ ಸೀಳುತ್ತದೆ. ತಯಾರಕರು ಹೇಳಿದ್ದರೆ ಮೊದಲು 3ರಿಂದ 6 ಮಿಲಿಮೀಟರ್ ಗಾತ್ರದ ದುಂಡು ಜಲ್ಲಿಯನ್ನು ಲ್ಯಾಟರಲ್ ಮುಚ್ಚುವಷ್ಟು ಹಾಕಿ, ಆಮೇಲೆ ಉಸುಕು. ಒಬ್ಬರು ಪೈಪು ಹಿಡಿದಿರಲಿ, ಇನ್ನೊಬ್ಬರು ಸುತ್ತಲೂ ಸಮನಾಗಿ ನಿಧಾನಕ್ಕೆ ಸುರಿಯಲಿ. ಟ್ಯಾಂಕಿನ ಫಲಕದಲ್ಲಿ ಬರೆದ ತೂಕ ಮೀರಬೇಡಿ. ಮೇಲೆ ಖಾಲಿ ಜಾಗ ಇಲ್ಲದಿದ್ದರೆ ಬ್ಯಾಕ್‌ವಾಶಿನಲ್ಲಿ ಉಬ್ಬಿದ ಉಸುಕು ಚರಂಡಿಗೆ ಹೋಗುತ್ತದೆ.

ಎಂಥ ಉಸುಕು

ತೊಳೆದು ಜರಡಿ ಹಿಡಿದ, 0.45ರಿಂದ 0.55 ಮಿಲಿಮೀಟರ್ ಕಾಳಿನ ಸಿಲಿಕಾ ಉಸುಕು, ಅಥವಾ ಟ್ಯಾಂಕಿನ ತಯಾರಕರು ಬರೆದ ಅಳತೆ. ಪರ್ಯಾಯವಾಗಿ ನಮ್ಮಲ್ಲಿ ಸುಲಭಕ್ಕೆ ಸಿಗುವ ಮೂರೂ ಕೆಲಸಕ್ಕೆ ಬಾರವು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಉಸುಕಿನಲ್ಲಿ ಮಣ್ಣು, ದಪ್ಪ ಸಣ್ಣ ಕಾಳು ಬೆರೆತಿರುತ್ತವೆ. ಎಂ-ಸ್ಯಾಂಡಿನಲ್ಲಿ ಕಲ್ಲಿನ ಹಿಟ್ಟು. ಅದರಲ್ಲೂ ಬಾಗಲಕೋಟೆ, ಲೋಕಾಪುರ ಸೀಮೆಯ ಸುಣ್ಣದ ಕಲ್ಲಿನಿಂದ ಬಂದದ್ದಾದರೆ ನೀರಿನಲ್ಲಿ ಕರಗಿ ಗಡಸುತನ ಹೆಚ್ಚಿಸಿ ಹೆಂಟೆಗಟ್ಟುತ್ತದೆ. ಬೆಳಗಾವಿಯ ಫೌಂಡ್ರಿಗಳಲ್ಲಿ ಸಿಗುವುದೂ ಸಿಲಿಕಾ ಉಸುಕೇ, ಆದರೆ ಅಚ್ಚಿಗೆಂದು ಬಳಸುವ ಅದರ ಕಾಳು ಇದಕ್ಕಿಂತ ಸಣ್ಣದು, ಲ್ಯಾಟರಲ್ ಸೀಳುಗಳಿಂದ ದಾಟಿ ಕೊಳಕ್ಕೆ ಬರುತ್ತದೆ. ಎರಕಕ್ಕೆ ಒಮ್ಮೆ ಬಳಸಿದ, ರಾಳ ಬೆರೆತ ಉಸುಕಂತೂ ಈಜುವ ನೀರಿನ ಹತ್ತಿರವೇ ಬರಬಾರದು.

ಚೀಲ ಕೊಳ್ಳುವಾಗ ಒಂದು ಚಮಚ ಉಸುಕಿಗೆ ದುರ್ಬಲ ಆಸಿಡ್ ನಾಲ್ಕು ಹನಿ ಹಾಕಿ ನೋಡಿ. ನೊರೆ ಎದ್ದರೆ ಸುಣ್ಣವಿದೆ, ಮರಳಿಸಿ.

ಮುಚ್ಚಿ, ಮೊದಲ ಸಲ ಚಾಲೂ ಮಾಡುವುದು

1. ಪೈಪಿನ ಬಾಯಿಗೆ ಕಟ್ಟಿದ ಚೀಲ ತೆಗೆಯಿರಿ. ಮರೆಯುವವರು ಬಹಳ.

2. ಓ ರಿಂಗ್ ಕೂರುವ ತೋಡಿನಲ್ಲಿ ಒಂದು ಕಾಳು ಉಸುಕೂ ಉಳಿಯದಂತೆ ಒದ್ದೆ ಬಟ್ಟೆಯಿಂದ ಒರೆಸಿ. ಹಳೆಯ ಓ ರಿಂಗ್ ಚಪ್ಪಟೆಯಾಗಿದ್ದರೆ ಹೊಸದು ಹಾಕಿ.

3. ಕ್ಲ್ಯಾಂಪ್ ಸುತ್ತಲೂ ಸಮನಾಗಿ ಕೂತಿದೆಯೇ ಬೆರಳಾಡಿಸಿ ನೋಡಿ. ಬೋಲ್ಟುಗಳನ್ನು ಎರಡೂ ಕಡೆ ಸಮನಾಗಿ ಬಿಗಿಯುತ್ತ, ನಡುನಡುವೆ ರಬ್ಬರ್ ಸುತ್ತಿಗೆಯಿಂದ ಪಟ್ಟಿಯ ಸುತ್ತ ಮೆಲ್ಲಗೆ ಬಡಿಯಿರಿ. ಪಟ್ಟಿ ಕೂತಂತೆ ಬೋಲ್ಟ್ ಮತ್ತೆ ಸಡಿಲಾಗುತ್ತದೆ, ಮತ್ತೆ ಬಿಗಿಯಿರಿ.

4. ಪೈಪಿಗೆ ಹೊಸ ಜೋಡಣೆ ಮಾಡಿದ್ದರೆ ಸಾಲ್ವೆಂಟ್ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಿ. ಒಂದು ದಿನ ಪೂರ್ತಿ ಬಿಟ್ಟರೆ ಚಿಂತೆಯಿಲ್ಲ. ಹೊಲಕ್ಕೆ ಹಾಸುವ ತೆಳು ಪಿವಿಸಿ ಬೇಡ; 6 ಕಿಲೋ ಅಥವಾ ಅದಕ್ಕೂ ಮೇಲಿನ ಒತ್ತಡದ ಪೈಪು ಹಾಕಿ.

5. ಹೀರುವ, ಮರಳಿಸುವ ವಾಲ್ವುಗಳನ್ನೆಲ್ಲ ತೆರೆಯಿರಿ. ಗಾಳಿ ತಿರುಪು ಪೂರ್ತಿ ತೆರೆದಿರಲಿ. ಪಂಪಿನ ಬುಟ್ಟಿಗೆ ನೀರು ತುಂಬಿ ಮುಚ್ಚಿ. ಮಲ್ಟಿಪೋರ್ಟ್ ಬ್ಯಾಕ್‌ವಾಶ್ ಸ್ಥಾನದಲ್ಲಿರಲಿ.

6. ಎಲ್ಲರನ್ನೂ ರೂಮಿನಿಂದ ಹೊರಗೆ ಕಳಿಸಿ. ಸ್ವಿಚ್ ಟ್ಯಾಂಕಿನ ಪಕ್ಕದಲ್ಲೇ ಇದ್ದರೆ ಸ್ಟಾರ್ಟರಿನಿಂದ ಹಚ್ಚದೆ ಹೊರಗಿನ ಮೇನಿನಿಂದ ಹಚ್ಚುವಂತೆ ಮಾಡಿಕೊಳ್ಳಿ. ಗೋಡೆಯ ಮರೆಯಲ್ಲಿ ನಿಂತು ಚಾಲೂ ಮಾಡಿ.

7. ಗಾಳಿ ತಿರುಪಿನಿಂದ ಗುಳುಗುಳು ನಿಂತು ನೀರಿನ ಗಟ್ಟಿ ಧಾರೆ ಬಂದ ಮೇಲೆ ಹತ್ತಿರ ಹೋಗಿ ಮುಚ್ಚಿ. ಧಾರೆ ಬರುವ ಮೊದಲೇ ಮುಳ್ಳು ಏರುತ್ತಿದ್ದರೆ ಹತ್ತಿರ ಹೋಗದೆ ಮೇನ್ ಬಂದ್ ಮಾಡಿ.

ಹೊಸ ಉಸುಕಾದರೆ ಗಾಜಿನ ಬುರುಡೆ ತಿಳಿಯಾಗುವವರೆಗೆ ಮೂರರಿಂದ ಐದು ನಿಮಿಷ ಬ್ಯಾಕ್‌ವಾಶ್. ಪಂಪ್ ಬಂದ್ ಮಾಡಿ ರಿನ್ಸ್‌ಗೆ ತಿರುಗಿಸಿ ಒಂದು ನಿಮಿಷ. ಮತ್ತೆ ಬಂದ್ ಮಾಡಿ ಫಿಲ್ಟರ್ ಸ್ಥಾನಕ್ಕೆ. ಆಗ ಗೇಜ್ ತೋರಿಸುವುದೇ ಈ ಫಿಲ್ಟರಿನ ಶುದ್ಧ ಒತ್ತಡ. ಅದನ್ನು ತಾರೀಕಿನೊಂದಿಗೆ ಟ್ಯಾಂಕಿನ ಮೇಲೆ ಮಾರ್ಕರಿನಲ್ಲಿ ಬರೆಯಿರಿ. ಮುಂದೆ ಅದಕ್ಕಿಂತ 0.5ರಿಂದ 0.7 ಕಿಲೋ ಹೆಚ್ಚಾದಾಗಲೇ ಬ್ಯಾಕ್‌ವಾಶ್. 60 ಸೆಂಟಿಮೀಟರ್ ಫಿಲ್ಟರಿನಲ್ಲಿ ಗಂಟೆಗೆ ಸುಮಾರು 14,000 ಲೀಟರ್ ಹರಿಯುವುದರಿಂದ ಮೂರು ನಿಮಿಷದ ಬ್ಯಾಕ್‌ವಾಶಿಗೆ 700 ಲೀಟರ್ ಹೋಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಳ್ಳುವವರು ದಿನಾ ರೂಢಿಗೆಂದು ಮಾಡುವ ಬ್ಯಾಕ್‌ವಾಶನ್ನು ನಿಲ್ಲಿಸಬೇಕು. ಉಸುಕು ಸ್ವಲ್ಪ ಮಾಸಿದಾಗಲೇ ಸಣ್ಣ ಕಣಗಳನ್ನು ಚೆನ್ನಾಗಿ ಹಿಡಿಯುತ್ತದೆ.

ಫಿಲ್ಟರ್ ಬಂದ್ ಇರುವ ದಿನಗಳಲ್ಲಿ ಕೊಳ

ಈಜು ಬಂದ್. ನೀರು ತಿಳಿಯಾಗಿ ಕಂಡರೂ ಬಂದ್. ನೀರು ತಿರುಗದಿದ್ದರೆ ಕ್ಲೋರಿನ್ ಎಲ್ಲೆಡೆ ಹರಡುವುದಿಲ್ಲ, ತಳ ಮಸುಕಾದರೆ ಮುಳುಗಿದ ಮಗು ಕಣ್ಣಿಗೆ ಬೀಳುವುದಿಲ್ಲ. ಸುತ್ತ ಹಗ್ಗ ಕಟ್ಟಿ, ಪಂಪ್‌ರೂಮಿಗೂ ಬೀಗ ಹಾಕಿ.

ಹಾಗೇ ಬಿಟ್ಟರೆ ಬಿಸಿಲಿಗೆ ನಾಲ್ಕೈದು ದಿನದಲ್ಲಿ ಪಾಚಿ, ಆಮೇಲೆ ಸೊಳ್ಳೆ. ಸಂಜೆ ಹೊತ್ತು ಮುಳುಗಿದ ಮೇಲೆ ಕೈಯಿಂದ ಕ್ಲೋರಿನ್ ಹಾಕಿ. 10 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ 1 ಮೀಟರ್ ಆಳದ ಕೊಳದಲ್ಲಿ 50,000 ಲೀಟರ್ ನೀರು. ಅದರಲ್ಲಿ ಕ್ಲೋರಿನ್ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಏರಿಸಲು 65 ಶೇಕಡಾದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಸುಮಾರು 155 ಗ್ರಾಂ ಬೇಕು. ಬಕೆಟಿನಲ್ಲಿ ಮೊದಲು ನೀರು, ಆಮೇಲೆ ಪುಡಿ; ಪುಡಿಯ ಮೇಲೆ ನೀರು ಸುರಿಯಬಾರದು. ಕರಗಿಸಿ ಸುತ್ತಲೂ ಹಾಕಿ, ಉದ್ದ ಬ್ರಷ್‌ನಿಂದ ಕಲಕಿ. ಮರುದಿನ ಕಿಟ್‌ನಲ್ಲಿ 1ರಿಂದ 3 ಪಿಪಿಎಂ ತೋರಿಸಬೇಕು, ಪಿಎಚ್ 7.2ರಿಂದ 7.8ರೊಳಗೆ ಇರಬೇಕು.

ರಾಸಾಯನಿಕಗಳ ವಿಷಯದಲ್ಲಿ ಎರಡು ಮಾತು ಗೋಡೆಗೆ ಬರೆಸಿಡಬೇಕು. ಟಿಸಿಸಿಎ ಬಿಲ್ಲೆ (ನಿಧಾನಕ್ಕೆ ಕರಗುವ ಇನ್ನೊಂದು ಬಗೆಯ ಕ್ಲೋರಿನ್) ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿ ಒಂದೇ ಬಕೆಟ್, ಒಂದೇ ಮಗ್ಗು, ಒಂದೇ ಸ್ಕಿಮ್ಮರ್ ಬುಟ್ಟಿಯಲ್ಲಿ ಸೇರಬಾರದು, ಬೆಂಕಿ ಹತ್ತಿ ಸಿಡಿಯುತ್ತವೆ. ಯಾವ ಕ್ಲೋರಿನ್ ಪುಡಿಗೂ ಆಸಿಡ್ ತಾಕಬಾರದು, ವಿಷಗಾಳಿ ಏಳುತ್ತದೆ. ಫಿಲ್ಟರ್ ಬಿಚ್ಚುವ ಮೊದಲು ಸ್ಕಿಮ್ಮರಿನಲ್ಲಿ ಬಿಲ್ಲೆ ಉಳಿದಿದ್ದರೆ ಹೊರತೆಗೆಯಿರಿ. ಹೆಂಟೆಗಟ್ಟಿದ ಉಸುಕಿಗೆ ಆಸಿಡ್ ಸುರಿದು ಸಡಿಲಿಸುವ ಪ್ರಯೋಗವೂ ಬೇಡ, ಉಸುಕು ಬದಲಿಸುವುದೇ ಸರಿ. ವಿಷಗಾಳಿ ಕುಡಿದವರನ್ನು ಕೂಡಲೇ ಬಯಲಿಗೆ ತಂದು, ಕಣ್ಣಿಗೆ ಕನಿಷ್ಠ 15 ನಿಮಿಷ ನೀರು ಹಾಯಿಸಿ, 112ಕ್ಕೆ ಕರೆ ಮಾಡಿ.

ಲ್ಯಾಟರಲ್ ಅಷ್ಟೇ ಮುರಿದಿದ್ದು ಟ್ಯಾಂಕ್, ವಾಲ್ವ್ ಗಟ್ಟಿಯಿದ್ದರೆ, ಬಿಡಿಭಾಗ ಬರುವವರೆಗೆ ಮಲ್ಟಿಪೋರ್ಟನ್ನು ರೀಸರ್ಕ್ಯುಲೇಟ್ ಸ್ಥಾನಕ್ಕೆ ತಿರುಗಿಸಿ ನೀರು ಓಡಿಸಬಹುದು. ನೀರು ಉಸುಕಿಗೆ ಇಳಿಯದೆ ವಾಲ್ವಿನಿಂದಲೇ ಮರಳುತ್ತದೆ. ಟ್ಯಾಂಕ್ ಸೀಳಿದ್ದರೆ ಈ ಉಪಾಯ ಬೇಡ. ವಾಲ್ವಿನ ಒಳಗಿನಿಂದ ಟ್ಯಾಂಕಿಗೂ ಒತ್ತಡ ಇಳಿಯಬಹುದು.

ಬಿಸಿಲು, ಹಳೆಯ ಉಸುಕು, ಹಳೆಯ ಟ್ಯಾಂಕ್

ವಿಜಯಪುರದ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಬಯಲಲ್ಲಿ ನಿಂತ ಟ್ಯಾಂಕಿನ ಹೊರಮೈ ಸುಣ್ಣ ಬಳಿದಂತೆ ಪುಡಿಪುಡಿಯಾಗಿ, ಬೆರಳಿಗೆ ಫೈಬರ್ ಎಳೆ ಚುಚ್ಚತೊಡಗಿದರೆ ಬಿಸಿಲು ಅದನ್ನು ತಿಂದಿದೆ ಎಂದರ್ಥ. ಮೇಲೆ ತಗಡಿನ ಚಪ್ಪರವಿರಲಿ, ಮಗ್ಗುಲು ತೆರೆದಿರಲಿ. ರಾಸಾಯನಿಕಗಳಿಗೆ ಬೇರೆಯೇ ಕೋಣೆ.

ಉಸುಕಿನ ಆಯುಸ್ಸು ಸಾಮಾನ್ಯವಾಗಿ ಐದರಿಂದ ಏಳು ವರ್ಷ, ಗಡಸು ಬೋರಿನ ನೀರಾದರೆ ಇನ್ನೂ ಮೊದಲೇ ಹೆಂಟೆಗಟ್ಟುತ್ತದೆ. ವರ್ಷಕ್ಕೊಮ್ಮೆ ಒತ್ತಡ ಇಳಿಸಿ, ತೆರೆದು, ಒಂದು ಗೇಣು ಆಳಕ್ಕೆ ಕೈಯಾಡಿಸಿ ನೋಡಿ. ತೆಗೆದ ಉಸುಕನ್ನು ಮಕ್ಕಳ ಆಟದ ಗುಂಡಿಗೆ ಹಾಕಬೇಡಿ, ಕ್ಲೋರೈಡ್ ಹೀರಿರುವುದರಿಂದ ಕಾಂಕ್ರೀಟಿಗೂ ಬೇಡ, ಕಂಬಿ ತುಕ್ಕು ಹಿಡಿಯುತ್ತದೆ. ಬಾವಿಯಿಂದ ದೂರದ ದಾರಿಯ ತಗ್ಗು ತುಂಬಲು ಆದೀತು.

ಸೀಳಿದ ಟ್ಯಾಂಕನ್ನು ಗುಜರಿಗೆ ಹಾಕುವ ಮುಂಚೆ ಮೈಗೆ ನಾಲ್ಕು ಕಡೆ ಡ್ರಿಲ್‌ನಿಂದ ಅಂಗೈ ಅಗಲಕ್ಕೆ ತೂತು ಹೊಡೆಸಿ. ಫೈಬರ್ ಪುಡಿ ಹಾರುವುದರಿಂದ ಮಾಸ್ಕ್, ಕನ್ನಡಕ ಹಾಕಿಯೇ ಮಾಡಿಸಿ. ತೂತು ಹೊಡೆಯದೆ ಬಿಟ್ಟರೆ ಯಾರೋ ಅದಕ್ಕೆ ತೇಪೆ ಹಚ್ಚಿ, ಬಣ್ಣ ಬಳಿದು, ಇನ್ನೊಂದು ತೋಟದ ಮನೆಗೆ ಕಡಿಮೆ ಬೆಲೆಗೆ ಮಾರುತ್ತಾರೆ.